ಗೋಡೆಯ ಮಸಿ

ಕೈಗವಸಿನ ಬೆರಳಿಗೆ ಮಸಿ ಹತ್ತಿದೆ, ಬಾಣಲೆಯ ತಳ ಉಜ್ಜಿದ ಹಾಗೆ, ಎಲ್ಲಿಂದ ಬಂತು ಇದು, ಜಾಲರಿ ತಟ್ಟೆಯನ್ನು ಈಗಷ್ಟೇ ನಿರ್ವಾತದ ಟ್ಯಾಂಕಿನಿಂದ ಹೊರತೆಗೆದಿದ್ದೇನೆ, ಐದು ವರ್ಷ ಬಿಡದೆ ಓಡಿದ ಅಯಾನ್ ಎಂಜಿನ್ನಿನ ತಟ್ಟೆ, ತೂತುಗಳೆಲ್ಲ ಹೊಸದರಂತೆ ದುಂಡಗಿವೆ — ನಮ್ಮ ಮುಖ್ಯಸ್ಥ ನೀಮಿ-ಸಾನ್ ಕುಣಿಯುವುದೊಂದು ಬಾಕಿ, ಸವೆತಾನೇ ಇಲ್ಲ ಕಣ್ರೀ ಕುವಾಬಾರಾ-ಸಾನ್, ಒಂಚೂರೂ ಇಲ್ಲ! ಮತ್ತೆ ಈ ಮಸಿ? ಐದು ವರ್ಷ ಓಡಿದ್ದು ಕಪ್ಪಾಗದೇ ಇರುತ್ತಾ, ಬಿಡ್ರೀ. ಬಿಡುವುದು ಹೇಗೆ, ಅಯಾನುಗಳು ಈ ತೂತುಗಳಲ್ಲಿ ನುಗ್ಗಿ ನುಗ್ಗಿ ಅಂಚನ್ನು ಕೆರೆಯುತ್ತವೆ, ಎಷ್ಟು ಕಾಲ ತಡೆಯುತ್ತದೆ ಎಂದು ತಿಳಿಯಲಿಕ್ಕೇ ಈ ಪರೀಕ್ಷೆ, ಇದರ ಅವಳಿ ಎಂಜಿನ್ ಈ ಶರತ್ಕಾಲಕ್ಕೆ ಕ್ಷುದ್ರಗ್ರಹಕ್ಕೆ ಹೊರಡುತ್ತದೆ, ಮಣ್ಣು ಹೊತ್ತು ಮರಳಲು ನಾಲ್ಕು ವರ್ಷ ಬಾಳಬೇಕು, ನಡುದಾರಿಯಲ್ಲಿ ಕೈಕೊಟ್ಟರೆ ನೌಕೆ ಹೋದದ್ದು ಹೋದಂತೆಯೇ.

ದಿನಾ ಬೆಳಿಗ್ಗೆ ಮೀಟರಿಗೆ ಬೆರಳು ತೋರಿಸಿ ಯೊಶಿ! ಎಂದು ಕೂಗಿದ್ದೇನೆ, ಸರಿಯಿದೆ ಎಂದು, ವಿದ್ಯುತ್ತಿಗೆ ಯೊಶಿ, ಅನಿಲಕ್ಕೆ ಯೊಶಿ, ಪಂಪಿಗೆ ಯೊಶಿ, ಪಕ್ಕದ ಮೇಜಿನ ತೊಕಿವಾ ಹಲ್ಲು ಕಿರಿಯುತ್ತಿದ್ದ, ಮನೇಲಿ ಅನ್ನದ ಕುಕ್ಕರಿಗೂ ಹಿಂಗೇ ಕೂಗ್ತೀರೇನ್ರೀ, ಹೂಂ ಕೂಗುತ್ತೇನೆ, ಏನೀಗ, ಆದರೆ ಗೋಡೆಗೆ ಬೆರಳು ತೋರಿಸಿದವರು ಯಾರು, ಪಟ್ಟಿಯಲ್ಲಿ ಗೋಡೆಯೇ ಇರಲಿಲ್ಲ — ಅಯ್ಯೋ, ಗೋಡೆ! ಎರಡು ವರ್ಷ ಕಳೆದ ಮೇಲೆ ಟ್ಯಾಂಕಿನ ತುದಿಯಲ್ಲಿ ಗೋಡೆಯಂತೆ ನಿಂತ ಇಂಗಾಲದ ಹಲಗೆಗಳನ್ನು ಹೊರಗಿನ ಹಿಡಿಕೆ ತಿರುಗಿಸಿ ಹತ್ತಿರ ತಂದವಳು ನಾನೇ, ಹಿಂದಿದ್ದ ಪಂಪಿಗೆ ಏಟು ಬೀಳದಿರಲಿ ಎಂದು, ಎಂಥ ಜಾಣತನ, ಅಯಾನುಗಳು ಆ ಹಲಗೆಗೆ ಬಡಿದು ಬಡಿದು ಎಬ್ಬಿಸಿದ ಪುಡಿ ಇತ್ತ ಹಾರಿ ಈ ತಟ್ಟೆಯ ಮೇಲೇ ಕೂತಿದೆ, ಸವೆದ ಜಾಗಕ್ಕೆಲ್ಲ ತೇಪೆ ಹಾಕಿದೆ, ಮೂರು ವರ್ಷ ನಾವು ಯೊಶಿ ಎಂದದ್ದು ಮಸಿಗೆ. ಅಲ್ಲಿ ಬಾಹ್ಯಾಕಾಶದಲ್ಲಿ ಗೋಡೆ ಎಲ್ಲಿದೆ, ತೇಪೆ ಯಾರು ಹಾಕುತ್ತಾರೆ.

ನೀಮಿ-ಸಾನ್, ಇದನ್ನ ಕೆರೆದು ನೋಡ್ಬೇಕು. ತಲೆ ಕೆಟ್ಟಿದೆಯಾ ನಿಮಗೆ, ಪ್ರದರ್ಶನಕ್ಕಿಡೋ ತಟ್ಟೆ ಅದು, ಮಂತ್ರಿಗಳು ನಾಳೆ ಬರ್ತಾರೆ, ಉಡಾವಣೆ ಮುಂದಕ್ಕೆ ಹೋದ್ರೆ ಯಾರ ತಲೆಗೆ ಬರುತ್ತೆ ಗೊತ್ತಾ? ನನ್ನ ತಲೆಗೇ ಬರ್ಲಿ, ಹಲಗೆ ಹತ್ತಿರ ತಂದೋಳು ನಾನು. ಹೆದರಿಕೆಯೇ, ಹೌದು ಹೆದರಿಕೆಯೇ, ಇರಲಿ, ಬಿದಿರು ಕಡ್ಡಿ ಎಲ್ಲಿ, ಇಲ್ಲಿದೆ, ಭೂತಗನ್ನಡಿ ಹತ್ತಿರ, ಇನ್ನೂ ಹತ್ತಿರ, ಮೆಲ್ಲಗೆ, ಮಸಿ ಚಕ್ಕೆಚಕ್ಕೆಯಾಗಿ ಏಳುತ್ತಿದೆ, ಅಡಿಯಲ್ಲಿ ಲೋಹ ಇಣುಕಬೇಕು ಈಗ, ಎಲ್ಲಿ ಲೋಹ, ಈ ಎರಡು ತೂತುಗಳ ನಡುವೆ ಲೋಹದ ಒಂದು ಪಟ್ಟಿ ಇರಬೇಕು, ಮಸಿ ಕೂರುವ ಮೊದಲಿನ ಎರಡೇ ವರ್ಷಕ್ಕೆ ಇಷ್ಟು ಸವೆತವೇ — ನೋಡಿ ನೀಮಿ-ಸಾನ್, ನೀವೇ ನೋಡಿ. ಅವರು ಬಗ್ಗಿದರು, ನಾನೂ ಮತ್ತೆ ಬಗ್ಗಿದೆ, ಎರಡು ತೂತು, ನಡುವೆ ಪಟ್ಟಿ ಇಲ್ಲ, ಎರಡು ತೂತು, ನಡುವೆ ಏನೂ ಇಲ್ಲ.