ಪರಪ್ಪನ ನೀಲಿ ಗೂಡುಗಳು

ಇಷ್ಟು ಸಾಧುವಾಗಿ ಕಾಣುವ ಜೀವಕೋಶಗಳು ಕೇಡು ಮಾಡಬಲ್ಲವೇ? ಏನೂ ಇಲ್ಲವೆಂದು ಬರೆದು ಸಹಿ ಮಾಡಿಯಾಗಿದೆ. ಈಗ ಮತ್ತೆ ಕತ್ತರಿಸಿ ನೋಡುವುದು ಬರೀ ಅಳುಕೋ, ಏನೋ? ಡಾಕ್ಟರ್ ಪಟ್ಟಣಶೆಟ್ಟಿಯವರು ಹೀಗೆ ತಮ್ಮೊಳಗೇ ತೂಗುತ್ತ ಕೂತಿದ್ದರಂತೆ. ಆ ಅನುಮಾನದಿಂದ ಹುಟ್ಟಿದವನು ನಾನು.

ನಾನೊಂದು ಬೆರಳುದ್ದದ ಗಾಜಿನ ಸ್ಲೈಡು. ಬಾಗಲಕೋಟೆಯ ಒಂದು ಆಸ್ಪತ್ರೆಯ ಪ್ರಯೋಗಾಲಯ ನನ್ನ ತವರು. ಗುಳೇದಗುಡ್ಡದಲ್ಲಿ ಕುಪ್ಪಸದ ಖಣದ ನೂಲಿಗೆ ಬಣ್ಣ ಹಾಕುವ ಪರಪ್ಪ, ಮೂತ್ರದಲ್ಲಿ ರಕ್ತ ಕಂಡು ಅಲ್ಲಿಗೆ ಬಂದಿದ್ದ. ಅವನ ಮೂತ್ರಕೋಶದಿಂದ ತೆಗೆದ ಚೂರನ್ನು ಮೇಣದ ಬಿಲ್ಲೆಯಲ್ಲಿ ಹುದುಗಿಸಿದ್ದರು. ಅದರ ಮೇಲ್ಪದರ ಹೊತ್ತ ಸ್ಲೈಡು ನನ್ನ ಅಣ್ಣ. ಅಣ್ಣನ ಮೈಮೇಲೆ ಕಂಡದ್ದು ಜೀವಕೋಶಗಳ ಪುಟ್ಟ ಪುಟ್ಟ ಗೂಡುಗಳು. ಅಂಥವು ಆರೋಗ್ಯವಂತರಲ್ಲೂ ಇರುತ್ತವೆ. ಅಪಾಯವಿಲ್ಲವೆಂದು ವರದಿ ಹೋಯಿತು.

ಮಾರನೆಯ ವಾರ ಪರಪ್ಪ ಹೆಂಡತಿ ಗಂಗವ್ವನೊಂದಿಗೆ ಪ್ರಯೋಗಾಲಯವನ್ನೇ ಹುಡುಕಿಕೊಂಡು ಬಂದ. ಕೈಯಲ್ಲಿ ಕರದಂಟಿನ ಡಬ್ಬಿ.

"ಏನೂ ಇಲ್ಲ ಅಂತ ಬರದವ್ರು ನೀವ ಅಂತಲ್ರೀ ಸಾಹೇಬ್ರ. ಬಾಯಿ ಸಿಹಿ ಮಾಡ್ಕೋರಿ."

ಇಪ್ಪತ್ತು ವರ್ಷಗಳಲ್ಲಿ ರೋಗಿಯೊಬ್ಬ ಆ ಕೋಣೆಗೆ ಬಂದದ್ದು ಅದೇ ಮೊದಲು. ಅಲ್ಲಿಯವರೆಗೆ ಡಾಕ್ಟರರು ನೋಡಿದ್ದು ಚೂರುಗಳನ್ನು, ಚೂರಿಗೆ ಮುಖವಿರಲಿಲ್ಲ. ಡಬ್ಬಿ ಮೂರು ದಿನ ಮುಚ್ಚಿದಂತೆಯೇ ಮೇಜಿನ ಮೇಲಿತ್ತು. ನಾಲ್ಕನೆಯ ದಿನ ಅವರು ಟೆಕ್ನಿಷಿಯನ್ ಮುಮ್ತಾಜಳನ್ನು ಕರೆದು, ಬಿಲ್ಲೆಯನ್ನು ಇನ್ನೂ ಆಳಕ್ಕೆ ಕತ್ತರಿಸಲು ಹೇಳಿದರು.

ಕೂದಲಿಗಿಂತ ತೆಳುವಾದ ಪದರ ಬೆಚ್ಚನೆಯ ನೀರಿನ ಮೇಲೆ ತೇಲಿತು. ಮುಮ್ತಾಜ್ ನನ್ನನ್ನು ನೀರಿಗಿಳಿಸಿ ಅದನ್ನು ಎತ್ತಿಕೊಂಡಳು. ಮೊದಲು ನೀಲಿ, ಆಮೇಲೆ ಗುಲಾಬಿ ಬಣ್ಣದಲ್ಲಿ ಅದ್ದಿದಳು. ನಾನು ಸೂಕ್ಷ್ಮದರ್ಶಕದಲ್ಲಿ ಮಲಗಿದೆ. ಕೆಳಗೆ ದೀಪ, ಮೇಲೆ ಡಾಕ್ಟರರ ಕಣ್ಣು. ಆ ಕಣ್ಣು ರೆಪ್ಪೆ ಬಡಿಯುವುದನ್ನೇ ಮರೆಯಿತು. ಅದೇ ಸಾಧು ಗೂಡುಗಳು ಇಲ್ಲಿ ಸ್ನಾಯುವಿನ ಎಳೆಗಳ ನಡುವೆ ಕೂತಿದ್ದವು. ನಿರಪಾಯದ ಗೂಡು ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ನನ್ನನ್ನು ಹತ್ತಿಯಲ್ಲಿ ಸುತ್ತಿ ಬೆಂಗಳೂರಿಗೆ ಕಳಿಸಿದರು. ಅಲ್ಲಿನ ಹಿರಿಯ ವೈದ್ಯೆಯೂ ಅದನ್ನೇ ಹೇಳಿದರು. ಇದು ಮೂತ್ರಕೋಶದ ಕ್ಯಾನ್ಸರ್‌ನಲ್ಲಿ ಅಪರೂಪದ, ಗೂಡುಗಟ್ಟುವ ಬಗೆ. ಗೊಂಚಲಾಗಿ ಹರಡುವುದು, ಒಂಟಿ ಒಂಟಿಯಾಗಿ ಅಲೆಯುವುದು, ಹೀಗೆ ಅಪರೂಪದವು ಇನ್ನೂ ಕೆಲವಿವೆ. ಒಂದೊಂದರ ದಾರಿಯೂ ಬೇರೆ. ಇದು ಮುಖದಲ್ಲಿ ಸಾಧು, ನಡೆಯಲ್ಲಲ್ಲ. ಮೂತ್ರಕೋಶದೊಳಗೆ ಔಷಧ ಬಿಟ್ಟು ಕಾಯುವ ಹಂತ ದಾಟಿದೆ. ಮೊದಲು ಕಿಮೋ, ಆಮೇಲೆ ಮೂತ್ರಕೋಶವನ್ನೇ ತೆಗೆಯಬೇಕು. ಹೊರಗೆ ಹರಡುವ ಮುನ್ನ ತೆಗೆದರೆ ಉಳಿಯುವ ಭರವಸೆ ಉಂಟು.

ನಾನು ಮರಳಿ ಬಂದ ಮೇಲೆ ಪರಪ್ಪನನ್ನು ಕರೆಸಿ ಡಾಕ್ಟರರು ಎಲ್ಲ ಹೇಳಿದರು. ಅವನು ಅಳಲಿಲ್ಲ. ಅದನ್ನೊಮ್ಮೆ ನೋಡಬಹುದೇ ಎಂದು ಕೇಳಿದ. ಬಾಗಿ ಕಣ್ಣಿಟ್ಟವನು ಬಹಳ ಹೊತ್ತು ಎತ್ತಲಿಲ್ಲ.

"ಇದು ನಂದೇನ್ರಿ? ನಲವತ್ತು ವರ್ಷ ಬಣ್ಣ ಹಾಕೀನಿ. ಇಂಥಾ ನೀಲಿ ನನ್ನ ಕೈಯಾಗ ಒಮ್ಮೀನೂ ಕುಂತಿಲ್ಲ."

ಆ ನೀಲಿ ಒಂದು ಮರದ ತಿರುಳಿನದು ಎಂದರು ಡಾಕ್ಟರರು. ಗಂಗವ್ವ ಕಣ್ಣೊರೆಸಿಕೊಂಡು, "ಮಂದಿ ಕುಪ್ಪಸಕ್ಕ ಹಾಕಿದ್ದು ಸಾಲ್ದಂತ, ಒಳಗೂ ಹಾಕ್ಕೊಂಡ್ರಿ ನೋಡ್ರಿ" ಎಂದಳು. ಪರಪ್ಪನಿಗೆ ನಗು ಬಂತು. ಮತ್ತೆ ಬಾಗಿ ನೋಡಿದ.

"ಇಷ್ಟು ಚಂದ ಇದ್ದದ್ದು ಕೊಲ್ತೈತೇನ್ರಿ?"

"ಬಿಟ್ರ ಕೊಲ್ತೈತಿ."

"ಹಂಗಾರ ತಗದ್ಬಿಡ್ರಿ."

ತೆಗೆದರು. ಕರುಳಿನ ತುಂಡೊಂದರಿಂದ ಮೂತ್ರಕ್ಕೆ ಹೊಸ ದಾರಿ ಮಾಡಿ, ಹೊಟ್ಟೆಯ ಮೇಲೆ ಚೀಲ ಕಟ್ಟಿದರು. ಪರಪ್ಪ ಬೈದುಕೊಳ್ಳುತ್ತಲೇ ಅದಕ್ಕೆ ಹೊಂದಿಕೊಂಡ. ಎಂಟು ವರ್ಷವಾಯಿತು, ರೋಗ ಮರಳಲಿಲ್ಲ. ಡಾಕ್ಟರರು ಕೆಲಸದಲ್ಲಿರುವವರೆಗೂ ಪ್ರತಿ ವರ್ಷ ಡಬ್ಬಿ ತರುತ್ತಿದ್ದ, ಬಂದಾಗಲೆಲ್ಲ ನನ್ನನ್ನು ನೋಡಿ ಹೋಗುತ್ತಿದ್ದ.

ಈಗ ನನ್ನ ಬಣ್ಣ ಮಾಸಿದೆ. ಡಾಕ್ಟರರು ನಿವೃತ್ತರಾಗುವಾಗ ನನ್ನನ್ನು ವಿದ್ಯಾರ್ಥಿಗಳ ಮರದ ಪೆಟ್ಟಿಗೆಯಲ್ಲಿ ಅಣ್ಣನ ಪಕ್ಕ ಇರಿಸಿ ಹೋದರು. ನಾನೇನೂ ಮಾಡಲಿಲ್ಲ, ನನ್ನ ಮೂಲಕ ಬೆಳಕು ಹಾದುಹೋಯಿತು, ಅಷ್ಟೇ. ಆದರೂ ಒಬ್ಬ ಮನುಷ್ಯನ ಸಾವು ಬದುಕು ನನ್ನ ಉಗುರಗಲದ ಮೈಮೇಲೆ ಅಕ್ಕಪಕ್ಕ ಕೂತಿದ್ದವಲ್ಲ ಎಂದು ನೆನೆದರೆ ಇಂದಿಗೂ ಬೆರಗು.

ಮೊದಲ ವರದಿ ತಪ್ಪಾಗಿತ್ತೆಂದು ಡಾಕ್ಟರರು ಪರಪ್ಪನ ಮುಂದೆ ಒಪ್ಪಿಕೊಂಡಿದ್ದರು, ಕ್ಷಮೆಯನ್ನೂ ಕೇಳಿದ್ದರು. ಆದರೆ ಅವನು ಅಂದು ಕರದಂಟು ಹಿಡಿದು ಬಾರದೇ ಹೋಗಿದ್ದರೆ ತಾವು ಮತ್ತೆ ನೋಡುತ್ತಲೇ ಇರಲಿಲ್ಲ ಎಂಬುದನ್ನು ಅವರು ಎಂದೂ ಹೇಳಲಿಲ್ಲ.