ನಾಲ್ಕು ಡಿಸ್ಕಿಗೆ ಒಂದು ಕೇಬಲ್

"ಏನಮ್ಮಾ, ನಿನ್ನ ಬಂಡಿ ಇನ್ನೂ ಗೇಟು ದಾಟಿಲ್ವಾ?" ಅತ್ತಿಗೆ ಬಾಗಿಲಿಗೆ ಒರಗಿ ಕೇಳಿದಳು.

ನಾದಿನಿ ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅಣ್ಣನ ಹೆಂಡತಿಯೊಡನೆ ಕೂಡಿ ನಡೆಸಿದ ವೀಡಿಯೊ ಸ್ಟುಡಿಯೊದ ಪಾಲುದಾರಿಕೆ ಅಂದಿಗೆ ಮುಗಿದಿತ್ತು. ಕ್ಯಾಮೆರಾ ನಾದಿನಿಗೆ, ವೀಡಿಯೊ ಕೂಡಿಡುವ ನಾಲ್ಕು ಡಿಸ್ಕುಗಳ ಪೆಟ್ಟಿಗೆ ಅತ್ತಿಗೆಗೆ ಎಂದು ಹಂಚಿಕೆಯಾಗಿತ್ತು. ನಾದಿನಿ ಎಂಟು ವರ್ಷ ಅಲೆದು ತೆಗೆದ ಚಿತ್ರಗಳೆಲ್ಲ ಇದ್ದದ್ದು ಆ ಪೆಟ್ಟಿಗೆಯಲ್ಲೇ, ಬೇರೆಲ್ಲೂ ಪ್ರತಿಯಿರಲಿಲ್ಲ. ಮಧ್ಯಾಹ್ನ ಮೂರರೊಳಗೆ ಅವನ್ನು ತನ್ನ ಹೊಸ ಡಿಸ್ಕಿಗೆ ಇಳಿಸಿಕೊಳ್ಳದಿದ್ದರೆ ಅತ್ತಿಗೆ ಅಳಿಸುವವಳಿದ್ದಳು. ಈಗ ಹನ್ನೊಂದು. ಇನ್ನೂ ಏಳು ತಾಸು ಬೇಕೆಂದು ಪರದೆ ಹೇಳುತ್ತಿತ್ತು.

"ನಿನ್ನೆವರೆಗೂ ಸರಿಯಾಗೇ ಇತ್ತು. ನೀವೇ ಏನೋ ಕೈಯಾಡಿಸಿದ್ದೀರಿ."

"ಹೂಂ, ಮಾಟ ಮಾಡಿಸ್ದೆ. ಮೂರಕ್ಕೆ ಪೆಟ್ಟಿಗೆ ನನ್ನ ಕೈಯಲ್ಲಿರ್ಬೇಕು, ಮಹಾರಾಯ್ತಿ. ಒಂದು ನಿಮಿಷ ಹೆಚ್ಚು ಕೊಡಲ್ಲ."

ನಾದಿನಿ ಹಲ್ಲು ಕಚ್ಚಿದಳು. ಅವಸರದಲ್ಲಿ ನಾಲ್ಕು ಡಿಸ್ಕುಗಳಿಂದಲೂ ಒಮ್ಮೆಗೇ ಕಾಪಿ ಹಚ್ಚಿದ್ದಳು. ಮೂರನ್ನು ನಿಲ್ಲಿಸಿ ಒಂದನ್ನೇ ಬಿಟ್ಟಳು. ಒಟ್ಟು ವೇಗ ಕೂದಲೆಳೆಯಷ್ಟೂ ಏರಲಿಲ್ಲ. ಪೆಟ್ಟಿಗೆಯ ಕೇಬಲ್ಲನ್ನು ಕಂಪ್ಯೂಟರಿನ ಮುಂದಿನ ಪೋರ್ಟಿನಿಂದ ತೆಗೆದು ಹಿಂದಿನದಕ್ಕೆ ಸಿಕ್ಕಿಸಿದಳು. ಅದೇ ಆಮೆ ನಡಿಗೆ. ಅವಳ ಹೊಸ ಡಿಸ್ಕಾದರೋ ಬೇರೆ ಕೆಲಸಕ್ಕೆ ಚುರುಕಾಗಿಯೇ ಇತ್ತು. ಪೆಟ್ಟಿಗೆಯೊಳಗಿನ ಯಾವುದೋ ಒಂದು ಕೆಟ್ಟಿರಬೇಕೆಂದು ಒಂದೊಂದನ್ನೇ ಪರೀಕ್ಷಿಸಿದಳು. ನಾಲ್ಕೂ ನಿಧಾನ, ಅದೂ ಸರಿಸಮವಾಗಿ.

ಅಲ್ಲಿ ಅವಳ ಕೈ ನಿಂತಿತು. ನಾಲ್ಕು ಡಿಸ್ಕುಗಳು ಒಂದೇ ಅಳತೆಯಲ್ಲಿ ಕೆಡುವುದಿಲ್ಲ. ಹಾಗಾದರೆ ದೋಷ ನಾಲ್ಕಕ್ಕೂ ಸಾಮಾನ್ಯವಾದುದರಲ್ಲಿರಬೇಕು. ಸಾಮಾನ್ಯವಾದದ್ದು ಪೆಟ್ಟಿಗೆ, ಮತ್ತು ಪೆಟ್ಟಿಗೆಯಿಂದ ಹೊರಡುವ ಒಂದೇ ಕೇಬಲ್.

ಕೇಬಲ್ ಬೆಳ್ಳಗೆ, ತೆಳ್ಳಗಿತ್ತು. ಫೋನ್ ಚಾರ್ಜ್ ಮಾಡುವ ಕೇಬಲ್. ತುದಿಯ ಆಕಾರ ಡಿಸ್ಕಿಗೆ ಹಾಕುವ ಕೇಬಲ್ಲಿನದೇ; ವೇಗ ಮಾತ್ರ ಅದರ ಐದರಲ್ಲೊಂದು ಪಾಲು.

ಅವಳ ಕಿವಿ ಬಿಸಿಯಾಯಿತು. ಪೆಟ್ಟಿಗೆಯ ಗಿಡ್ಡನೆಯ ಕಪ್ಪು ಕೇಬಲ್ಲನ್ನು ನಿನ್ನೆ ಸಂಜೆ ಕಿತ್ತವಳು ತಾನೇ. ಅದನ್ನು ಕೊಂಡದ್ದು ತಾನೆಂಬ ಹಠ. ಅತ್ತಿಗೆ ಕೇಬಲ್ಲಿಗಾಗಿ ಅಂಗಡಿ ಅಂಗಡಿ ಅಲೆಯಲೆಂಬ ಹೊಟ್ಟೆಯುರಿ. ಅದೀಗ ಟೇಪು ಸುತ್ತಿದ ತನ್ನದೇ ರಟ್ಟಿನ ಡಬ್ಬದ ತಳದಲ್ಲಿತ್ತು. ಅತ್ತಿಗೆಯ ಮುಂದೆ ಡಬ್ಬ ಬಿಚ್ಚಲಾರದೆ, ಬೆಳಿಗ್ಗೆ ಮೇಜಿನ ಮೇಲೆ ಕಂಡ ಈ ಬಿಳಿಯದನ್ನು ಸಿಕ್ಕಿಸಿದ್ದಳು.

ಗಡಿಯಾರ ನೋಡಿದಳು. ಕತ್ತರಿ ತೆಗೆದು ಟೇಪನ್ನು ಸರ್ರನೆ ಸೀಳಿದಳು.

"ಸಿಕ್ತಾ?" ಅತ್ತಿಗೆ ನಕ್ಕಳು. "ನಿನ್ನೆ ಕಿತ್ತು ಒಳಗೆ ತುರುಕಿದ್ದನ್ನ ನೋಡ್ದೆ."

"ನೋಡಿಯೂ ಬೆಳಿಗ್ಗೆಯಿಂದ ಬಾಯಿ ಬಿಡಲಿಲ್ವಾ?"

"ನನ್ನದಲ್ವಲ್ಲ. ನಿನ್ನದು ನಿನ್ನ ಡಬ್ಬದಲ್ಲೇ ಕ್ಷೇಮವಾಗಿತ್ತು."

ಕಪ್ಪು ಕೇಬಲ್ ಸಿಕ್ಕಿಸಿದೊಡನೆ ಏಳು ತಾಸು ಒಂದೂವರೆಗೆ ಇಳಿಯಿತು. ಇಬ್ಬರೂ ಅಕ್ಕಪಕ್ಕ ಕುಳಿತು, ಒಂದು ಲೋಟ ನೀರನ್ನೂ ಒಬ್ಬರಿಗೊಬ್ಬರು ಕೊಡದೆ, ಪರದೆಯನ್ನೇ ನೋಡಿದರು.

ಕೊನೆಯ ಚಿತ್ರ ಇಳಿಯಿತು. ನಾದಿನಿ ಪ್ರತಿಗಳನ್ನು ತೆರೆದು ನೋಡಿ, ಪೆಟ್ಟಿಗೆಯನ್ನು ಅತ್ತಿಗೆಯ ಕಡೆಗೆ ತಳ್ಳಿದಳು. ಕಪ್ಪು ಕೇಬಲ್ಲನ್ನು ಕಿತ್ತು, ಸುತ್ತಿ, ಚೀಲಕ್ಕೆ ಹಾಕಿಕೊಂಡಳು.

"ಅದನ್ನ ಇಟ್ಟು ಹೋಗೇ. ನಾಲ್ಕು ಗಂಟೆಗೆ ಗಿರಾಕಿ ಬರ್ತಾರೆ, ಅವರ ವೀಡಿಯೊ ತುಂಬಿಸಿಡ್ಬೇಕು."

"ಬಿಳಿಯದು ಇದೆಯಲ್ಲ, ಅತ್ತಿಗೆ," ಎಂದು ನಾದಿನಿ ಚಪ್ಪಲಿ ಮೆಟ್ಟಿದಳು. "ಅದೂ ಓಡುತ್ತೆ. ನಿಧಾನವಾಗಿ."