ಎರವಲು ಕೊಟ್ಟ ಫಿರಂಗಿ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಬರುತ್ತದೆ, ಏನೀಗ? ನಿಮ್ಮದೇ ಕಂಪ್ರೆಸ್ಸರನ್ನು ಅರ್ಧ ಗಂಟೆಗೆ ಬಿಟ್ಟುಕೊಡು ಎಂದು ಹೆಂಡತಿಯ ತಮ್ಮನ ಮುಂದೆ ಹಲ್ಲು ಗಿಂಜುವ ಗತಿ ಬಂದಿದ್ದರೆ ನಿಮಗೂ ಬರುತ್ತಿತ್ತು.

ಅರಬರ ನಾಡಿನ ರಾಸ್ ಅಲ್ ಖೋರ್‌ನಲ್ಲಿ ನನ್ನದೊಂದು ವೆಲ್ಡಿಂಗ್ ಶೆಡ್ ಇತ್ತು. ಗೇಟು, ಗ್ರಿಲ್, ಲಾರಿಯ ಬಾಡಿ, ಯಾವುದು ಬಂದರೂ ಮಾಡಿಕೊಡುತ್ತಿದ್ದೆ. ಅಲ್ ನಹ್ದಾದ ಫ್ಲ್ಯಾಟಿನ ಬಾಡಿಗೆ, ನಮ್ಮ ಮೂವರ ವೀಸಾ, ನಾಲ್ಕು ಜನ ಕೆಲಸದವರ ಅನ್ನ, ಎಲ್ಲವೂ ಆ ಶೆಡ್ಡಿನಿಂದಲೇ. ಹೆಂಡತಿ ಶಮೀಮಳ ತಮ್ಮ ಸಫೀರ್ ಕೆಲಸ ಕಳೆದುಕೊಂಡು, ವೀಸಾ ಮುಗಿಯುವ ಹೊತ್ತಿಗೆ ಮುಖ ಸಣ್ಣದು ಮಾಡಿಕೊಂಡು ಬಾಗಿಲಲ್ಲಿ ನಿಂತ. ಅವನಿಗೆ ಕಾರು ಪಾಲಿಶ್ ಮಾಡುವ ಕೆಲಸ ಗೊತ್ತಿತ್ತು. ಶೆಡ್ಡಿನ ಹಿಂದಿನ ಮೂಲೆ ಬಿಟ್ಟುಕೊಟ್ಟೆ. ಬಣ್ಣ ಸ್ಪ್ರೇ ಮಾಡುವ ನನ್ನ ದೊಡ್ಡ ಗಾಳಿ ಕಂಪ್ರೆಸ್ಸರನ್ನೂ ಬಳಸಿಕೋ ಎಂದೆ. ಇಬ್ಬರಿಗಿಂತ ಹೆಚ್ಚು ಜನರನ್ನು ತರಬೇಡ, ನನಗೆ ಬೇಕಾದಾಗ ಯಂತ್ರ ಬಿಡು, ಇಷ್ಟೇ ನನ್ನ ಷರತ್ತು. "ನೀವು ಹೇಳಿದ ಹಾಗೆ ಭಾವ" ಎಂದು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಿದ್ದ. ಬಾಡಿಗೆಯ ಕರಾರಿನಲ್ಲಿ ಶೆಡ್ಡಿಗೆ ಇನ್ನೊಬ್ಬರನ್ನು ಸೇರಿಸಬಾರದು ಎಂದು ಸ್ಪಷ್ಟವಾಗಿ ಬರೆದಿತ್ತು. ಮನೆಯವನೇ ತಾನೇ ಎಂದು ನಾನು ಯಾರಿಗೂ ಹೇಳಲಿಲ್ಲ.

ಎರಡು ವರ್ಷ ಕಳೆಯುವಷ್ಟರಲ್ಲಿ ಅವನ ಕಡೆ ಎಂಟು ಜನ ಆದರು. ಹಿಂದಿನ ಶಟರಿಗೆ ಅವನದೇ ಬೀಗ ಬಂತು, ಅಂಗಡಿಗೆ ಅವನ ಹೆಸರಿನ ಲೈಸೆನ್ಸೂ ಬಂತು. ನನ್ನ ಕಂಪ್ರೆಸ್ಸರಿನ ಮೈಮೇಲೆ ಅವನ ಅಂಗಡಿಯ ಸ್ಟಿಕ್ಕರ್! ನಾನು ಬಾಯಿ ತೆರೆದರೆ ಶಮೀಮ, "ಹೋಗ್ಲಿ ಬಿಡಿ, ಚಿಕ್ಕವನು" ಎನ್ನುತ್ತಿದ್ದಳು. ಚಿಕ್ಕವನಂತೆ! ಹೊಟ್ಟೆ ನನಗಿಂತ ಮುಂದೆ ಬಂದಿದೆ.

ಹೀಗಿರುವಾಗ ಮಗಳು ಆಮಿರಾಳ ಶಾಲೆಯಲ್ಲಿ ಇತಿಹಾಸದ ನಾಟಕ ಬಂತು. ಅದು ಅಮೆರಿಕನ್ ಸಿಲೆಬಸ್ಸಿನ ಶಾಲೆ. ಶಮೀಮ ಅಲ್ಲಿಯ ಆಫೀಸಿನಲ್ಲಿ ಕೆಲಸ ಮಾಡುವುದರಿಂದ ಸೀಟು ಸಿಕ್ಕಿದ್ದು. ಅವರ ಶೆರಿಲ್ ಮಿಸ್ ಮಂಗಳೂರಿನವರು. ನನಗೆ ಫೋನ್ ಮಾಡಿ, "ಅಬ್ಬಾಸ್ ಸರ್, ಟೆಕ್ಸಸ್ ನಾಟಕಕ್ಕೆ ಒಂದು ಫಿರಂಗಿ ಮಾಡಿಕೊಡ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ಮಗಳ ನಾಟಕ, ಆಗುವುದಿಲ್ಲ ಎನ್ನಲಾದೀತೇ?

ಶನಿವಾರ ಹಳೆಯ ಪೈಪೊಂದನ್ನು ಕೊಯ್ದು ಕೂತೆ. ಆಮಿರಾ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕಥೆ ಹೇಳತೊಡಗಿದಳು.

"ಪಪ್ಪಾ, ಟೆಕ್ಸಸ್ ಆಗ ಮೆಕ್ಸಿಕೋದ್ದು. ಅಲ್ಲಿ ಜನ ಕಡಿಮೆ. ಸೋ, ಗವರ್ಮೆಂಟ್ ಅಮೆರಿಕದವರಿಗೆ ಲ್ಯಾಂಡ್ ಕೊಟ್ಟು ಬನ್ನಿ ಅಂತ ಕರೀತು. ನಮ್ಮ ಲಾ ಫಾಲೋ ಮಾಡ್ಬೇಕು, ಕ್ಯಾಥೊಲಿಕ್ ಆಗ್ಬೇಕು ಅಂತ ಕಂಡೀಶನ್."

"ಒಪ್ಪಿದ್ರಾ?"

"ಯೆಸ್ ಅಂದ್ರು, ಬಟ್ ಮಾಡ್ಲಿಲ್ಲ. ಗುಲಾಮರನ್ನು ಇಟ್ಕೊಳ್ಬಾರ್ದು ಅಂತ ಲಾ ಬಂದಾಗ, ಆ ಗುಲಾಮರ ಹತ್ರ ನೈಂಟಿನೈನ್ ಇಯರ್ಸ್ ಕಾಂಟ್ರ್ಯಾಕ್ಟ್ ಮಾಡಿಸಿ, ಇವರು ವರ್ಕರ್ಸ್ ಅಂದ್ರು. ಇನ್ನು ಯಾರೂ ಬರ್ಬೇಡಿ ಅಂತ ಬಾರ್ಡರ್ ಕ್ಲೋಸ್ ಮಾಡಿದ್ರೆ ಮತ್ತೂ ಬಂದ್ರು. ಲಾಸ್ಟಿಗೆ ಮೆಕ್ಸಿಕೋದವರಿಗಿಂತ ಅವರೇ ಜಾಸ್ತಿ ಆದ್ರು."

ನನ್ನ ಕೈಯಲ್ಲಿದ್ದ ಗ್ರೈಂಡರನ್ನು ನಿಲ್ಲಿಸಿದೆ. ಹಿಂದಿನಿಂದ ಸಫೀರನ ಹುಡುಗರ ಗಲಾಟೆ ಕೇಳಿಸುತ್ತಿತ್ತು.

"ಫಿರಂಗಿ ಯಾರದ್ದು?" ಎಂದು ಕೇಳಿದೆ.

"ಮೆಕ್ಸಿಕೋದ್ದೇ. ಗೊನ್ಸಾಲೆಸ್ ಅಂತ ಒಂದು ಊರಿನವರಿಗೆ ಸೇಫ್ಟಿಗೆ ಇಟ್ಕೊಳ್ಳಿ ಅಂತ ಕೊಟ್ಟಿದ್ರು. ಜಗಳ ಜೋರಾದಾಗ ವಾಪಸ್ ಕೊಡಿ ಅಂತ ಸೋಲ್ಜರ್ಸನ್ನು ಕಳಿಸಿದ್ರು. ಊರಿನವರು ಬಾವುಟದಲ್ಲಿ 'ಬಂದು ತಗೊಳ್ಳಿ' ಅಂತ ಬರೆದು ಹಿಡಿದ್ರು. ಮತ್ತೆ ಅದೇ ಫಿರಂಗಿಯಿಂದ ಅವರ ಮೇಲೆ ಶೂಟ್ ಮಾಡಿದ್ರು."

"ಥೂ! ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ!"

"ಬಟ್ ಪಪ್ಪಾ, ಮೆಕ್ಸಿಕೋದ ಪ್ರೆಸಿಡೆಂಟೂ ಒಳ್ಳೆಯವನಲ್ಲ. ಕಾನ್‌ಸ್ಟಿಟ್ಯೂಶನನ್ನೇ ತೆಗೆದು ಹಾಕಿದ. ಆ ಫಿರಂಗಿ ಚಿಕ್ಕದು, ಯೂಸ್‌ಲೆಸ್. ಅದಕ್ಕೆ ಸೋಲ್ಜರ್ಸ್ ಕಳಿಸಿ ವಾರ್ ಶುರು ಆಯ್ತು. ಟೆಕ್ಸಸ್ಸೇ ಹೋಯ್ತು."

"ಚಿಕ್ಕದಾದ್ರೆ ಎಂತ? ಕೊಟ್ಟವನು ಕೇಳಿದ್ರೆ ವಾಪಸ್ ಕೊಡ್ಬೇಕು. ಖಲಾಸ್!"

ಫಿರಂಗಿಗೆ ಕಪ್ಪು ಬಣ್ಣ ಸ್ಪ್ರೇ ಮಾಡಬೇಕಿತ್ತು. ಹಿಂದೆ ಹೋಗಿ ಕಂಪ್ರೆಸ್ಸರ್ ಕೇಳಿದೆ. ಸಫೀರ್ ಫೋನಿನಿಂದ ತಲೆಯನ್ನೂ ಎತ್ತಲಿಲ್ಲ. "ಈಗ ಆಗುದಿಲ್ಲ ಭಾವ, ಕಸ್ಟಮರ್ ನಿಂತಿದ್ದಾನೆ. ಸಂಜೆ ನೋಡುವ" ಎಂದ. ನೋಡುವ! ಅವನ ಅಪ್ಪ ತಂದಿಟ್ಟ ಯಂತ್ರವೋ ಎಂಬಂತೆ! ಮಗಳ ಎದುರು ರಂಪ ಬೇಡವೆಂದು ಹಲ್ಲು ಕಚ್ಚಿಕೊಂಡು ಬ್ರಷ್ಷಿನಲ್ಲೇ ಬಳಿದೆ.

ನಾಟಕದಲ್ಲಿ ಆಮಿರಾ ಫಿರಂಗಿ ಕೇಳಲು ಬರುವ ಮೆಕ್ಸಿಕೋದ ಅಧಿಕಾರಿ. ಹ್ಯಾಟು ಕಣ್ಣಿನ ತನಕ ಇಳಿದಿತ್ತು. "ಇದು ನಮ್ಮ ಸರ್ಕಾರದ ಫಿರಂಗಿ, ದಯವಿಟ್ಟು ಹಿಂದಿರುಗಿಸಿ" ಎಂದು ಇಂಗ್ಲಿಷಿನಲ್ಲಿ ಎಷ್ಟು ಚೆನ್ನಾಗಿ ಹೇಳಿದಳು! ಆ ಕಡೆಯ ಮಕ್ಕಳು ಬಾವುಟ ಬಿಚ್ಚಿದರು, ಫಿರಂಗಿ ಢಂ ಎಂದಿತು. ಮಿಸ್ ಹೇಳಿಕೊಟ್ಟ ಹಾಗೆ ಇವಳು ಹ್ಯಾಟು ಹಿಡಿದುಕೊಂಡು ಓಡಿದಳು. ಸಭಾಂಗಣದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ತನ್ನ ವಸ್ತು ತಾನು ಕೇಳಿದವನನ್ನು ನೋಡಿ ನಗುವುದೇ?

ನಾಟಕ ಮುಗಿದ ಮೇಲೆ ಎಲ್ಲರೂ ಜ್ಯೂಸ್ ಹಿಡಿದುಕೊಂಡು ನಿಂತಿದ್ದೆವು. ಸಫೀರನೂ ಬಂದಿದ್ದ. ನನ್ನ ಹೆಗಲ ಮೇಲೆ ಕೈ ಹಾಕಿ, ನಾಲ್ಕು ಜನರಿಗೆ ಕೇಳುವ ಹಾಗೆ, "ಭಾವ, ನಮ್ಮ ಕಂಪ್ರೆಸ್ಸರಿಗೂ ಒಂದು ಬಾವುಟ ಕಟ್ಟುವ ಅಲ್ವಾ? ಬಂದು ತಗೊಳ್ಳಿ!" ಎಂದ. ಸುತ್ತಲಿದ್ದವರು ನಕ್ಕರು. ಶಮೀಮ ಕೂಡ ಶಾಲು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಮ್ಮ ಕಂಪ್ರೆಸ್ಸರಂತೆ, ನಮ್ಮ!

ಜ್ಯೂಸ್ ಲೋಟ ಅಲ್ಲೇ ಕುಕ್ಕಿ ಕಾರು ಹತ್ತಿದೆ. "ಎಲ್ಲಿಗೆ? ತಮಾಷೆ ಮಾಡಿದ್ದು ಮಾರಾಯ್ರೆ!" ಎಂದು ಶಮೀಮ ಹಿಂದೆ ಓಡಿ ಬಂದಳು. ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳದೆ ನೇರವಾಗಿ ಅಬ್ದುಸ್ಸಲಾಮರ ಆಫೀಸಿಗೆ ಹೋದೆ. ಭಟ್ಕಳದವರು, ನಮ್ಮ ಅರಬಿ ಮಾಲೀಕನ ಶೆಡ್ಡುಗಳನ್ನೆಲ್ಲ ನೋಡಿಕೊಳ್ಳುವವರು. ನಿಂತ ಕಾಲಲ್ಲೇ ಎಲ್ಲ ಹೇಳಿದೆ. ನನ್ನ ಶೆಡ್ಡಿನಲ್ಲಿ ಇನ್ನೊಬ್ಬ ಸೇರಿಕೊಂಡಿದ್ದಾನೆ, ಎಂಟು ಜನರನ್ನು ತುಂಬಿದ್ದಾನೆ, ಅವನನ್ನು ಹೊರಗೆ ಹಾಕಿಸಿ ಎಂದೆ.

ಅವರು ಬಾಗಿಲು ಮುಚ್ಚಿ ಬಂದು ಕೂತರು. "ಅಬ್ಬಾಸ್ ಭಾಯ್, ಅವನನ್ನು ಸೇರಿಸಿದ್ದು ಯಾರು? ನೀವೇ ಅಲ್ವಾ? ನೀವು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ನೀರು ಕುಡಿದು ಮನೆಗೆ ಹೋಗಿ. ಸಿಟ್ಟಲ್ಲಿ ಕೊಯ್ದ ಮೂಗು ತಣ್ಣಗಾದ ಮೇಲೆ ಬರ್ತದಾ?"

"ನನಗೆ ನೀರೂ ಬೇಡ, ಗಾದೆಯೂ ಬೇಡ. ಮಾಲೀಕರಿಗೆ ಹೇಳಿ. ಇಲ್ಲದಿದ್ರೆ ನಾನೇ ಹೋಗಿ ಹೇಳ್ತೇನೆ."

ಅವರು ಎದ್ದು ಹೋಗಿ ಬಾಗಿಲು ತೆರೆದರು. "ನಿಮ್ಮಿಷ್ಟ" ಎಂದರು.

ಮುಂದಿನ ವಾರ ಅಬ್ದುಸ್ಸಲಾಮರೇ ಶೆಡ್ಡಿಗೆ ಬಂದರು. ನಾನು ಹೊಸ ಶರ್ಟು ಹಾಕಿಕೊಂಡು ಕಾದಿದ್ದೆ. ಸಫೀರನನ್ನೂ ಕರೆಸಿದರು. ನನ್ನ ಮುಖ ನೋಡದೆ ಮಾತಾಡಿದರು.

"ಕರಾರು ಮುರಿದವನಿಗೆ ಶೆಡ್ ಇಲ್ಲ ಅಂದಿದ್ದಾರೆ ಮಾಲೀಕರು. ಮುರಿದದ್ದು ನೀವು, ನಿಮ್ಮ ಬಾಯಲ್ಲೇ ಹೇಳಿದ್ದೀರಿ. ಖಾಲಿ ಬಿಡ್ಲಿಕ್ಕೂ ಅವರು ತಯಾರಿಲ್ಲ. ಸಫೀರನ ಹತ್ತಿರ ಲೈಸೆನ್ಸ್ ಉಂಟು, ಜನ ಉಂಟು. ಈ ತಿಂಗಳು ಮುಗಿದ ಮೇಲೆ ಇಡೀ ಶೆಡ್ ಅವನ ಹೆಸರಿಗೆ."

ಸಫೀರನ ಕಾಲರ್ ಹಿಡಿದೆ. "ಕಳ್ಳ! ಎಷ್ಟು ದಿನದಿಂದ ಹೊಂಚು ಹಾಕಿದ್ದೆ? ಹೇಳು!"

ಅವನು ಬಿಡಿಸಿಕೊಳ್ಳಲಿಲ್ಲ. "ಅಲ್ಲಾಹನಾಣೆ ಭಾವ, ನಾನು ಕೇಳಿದ್ದಲ್ಲ. ಮೊನ್ನೆ ಇವರು ಕರೆದು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ನನಗೆ ಆ ಮೂಲೆ ಸಾಕಿತ್ತು. ನೀವೇ ಹೋಗಿ ಕೊಟ್ಟು ಬಂದ್ರಿ."

ಸುಳ್ಳು ಹೇಳಿದ್ದರೆ ಎರಡು ಬಾರಿಸಿ ಹಗುರಾಗುತ್ತಿದ್ದೆ. ಅವನು ಹೇಳಿದ್ದು ನಿಜ. ಅದಕ್ಕೇ ನನಗೆ ಇವತ್ತಿಗೂ ಅವನ ಮೇಲೆ ಅಷ್ಟು ಸಿಟ್ಟು. ಕಾಲರ್ ಬಿಟ್ಟೆ.

"ನೀವು ಎಲ್ಲಿಗೂ ಹೋಗ್ಬೇಡಿ ಭಾವ" ಎಂದ ಸಫೀರ್. "ಇಲ್ಲೇ ಇರಿ. ಹಿಂದೆ ಜಾಗ ಮಾಡಿ ಕೊಡ್ತೇನೆ."

"ನಿನ್ನ ಜಾಗಕ್ಕಿಷ್ಟು ಬೆಂಕಿ ಹಾಕ! ನನ್ನ ಕಂಪ್ರೆಸ್ಸರ್ ತೆಗೆದುಕೊಡು!"

ಅವನು ಸ್ಟಿಕ್ಕರನ್ನು ಉಗುರಿನಿಂದ ಕೆರೆದು ತೆಗೆದ. ಅವನ ಹುಡುಗರೇ ಯಂತ್ರವನ್ನು ಪಿಕಪ್ಪಿಗೆ ಎತ್ತಿ ಹಗ್ಗ ಕಟ್ಟಿದರು. ನಾನು ಮುಂದಿನ ಸೀಟಿನಲ್ಲಿ ಕೂತೆ. "ಯಲ್ಲಾ, ಎಲ್ಲಿಗೆ ಭಾಯ್?" ಎಂದು ಡ್ರೈವರ್ ಕೇಳಿದ. ಬಾಯಿ ತೆರೆದೆ. ಹೇಳುವುದಕ್ಕೆ ಒಂದು ಜಾಗದ ಹೆಸರೂ ನನ್ನ ಹತ್ತಿರ ಇರಲಿಲ್ಲ.